ಹಿಡಿ

ಸ್ಟ್ಯಾನೇಜ್ ಬಂಡೆಸಾಲಿನ ಬುಡದಲ್ಲಿ, ಜರೀಗಿಡಗಳ ನಡುವೆ
ಬೀಸುವ ಕಲ್ಲುಗಳು ಬಿದ್ದಿವೆ, ಗಾಡಿಚಕ್ರದಷ್ಟು ದೊಡ್ಡವು,
ಕಡೆದವರು ಕಡೆದು ಅಲ್ಲೇ ಬಿಟ್ಟುಹೋದವು.
ಒಂದರ ಮೇಲೆ ನಮ್ಮ ಊಟ.
ನಡುವಿನ ತೂತಿನಲ್ಲಿ ಮೊರಾಗಳ ಫ್ಲಾಸ್ಕು
ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ.

ಡಬ್ಬಿ ತೆರೆದೆ. ನಿನ್ನೆಯ ಅನ್ನ, ಮೊಸರು,
ಅಲ್ಲಲ್ಲಿ ಒಗ್ಗರಣೆಯ ಸಾಸಿವೆ.
ಡೆರಿಕ್ ಬಗ್ಗಿ ನೋಡಿದ.
"ರಾತ್ರಿಯಿಡೀ ಹೊರಗಿತ್ತಾ ಇದು?"
ಇತ್ತು ಅಂದೆ.
"ಅನ್ನ ಜೀವ ತೆಗೆಯುತ್ತೆ, ಗೊತ್ತಾ?"
ಅರವತ್ತೆರಡರ ಈ ಹೆಂಚು ಹೊದಿಸುವವ
ಬೆಳಿಗ್ಗೆಯಷ್ಟೇ ಹಗ್ಗವಿಲ್ಲದೆ ಆರಾಳೆತ್ತರ ಹತ್ತಿ
ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು
ಎರಡು ಸಲ ಸೀನಿದ್ದ.

ನರ್ಗಿಸ್ ಔಷಧದಂಗಡಿಯವಳು, ಅವಳ ಮಾತಿಗೆ ತೂಕ ಜಾಸ್ತಿ:
"ಕುದಿಸಿದರೂ ಸಾಯದ ಬೀಜ ಅದು, ತಣ್ಣಗಾದಮೇಲೆ ಏಳುತ್ತೆ."
ಮೊರಾಗ್ ಚೀಸಿನ ಹಸಿರು ಬೂಷ್ಟನ್ನು
ಹಳೆ ಹಗ್ಗ ಕೊಯ್ಯುವ ಚಾಕುವಿನಲ್ಲೇ ಕೆರೆದು
ಉಳಿದದ್ದನ್ನು ಬಾಯಿಗಿಟ್ಟಳು. "ಇದು ಬೇರೆ," ಅಂದಳು.
ಹೇಗೆ ಬೇರೆ ಅಂತ ಹೇಳಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮಲ್ಲೊಂದು ಗಾದೆ,
ಅವರ ಭಾಷೆಗೆ ತಿರುಗಿಸಿ ಹೇಳಿದೆ.
ಮಾತು ಬಲ್ಲವನಿಗೆ... ಅನ್ನುವಷ್ಟರಲ್ಲಿ
ಜಗಳ ಹತ್ತಿಕೊಂಡಿತ್ತು:
ಮೊಟ್ಟೆ ಫ್ರಿಜ್ಜಿನಲ್ಲಿಡಬೇಕೋ, ಬೇಡವೋ.

ಆಮೇಲೆ ಮಾತು ತನ್ನ ಪಾಡಿಗೆ ಎಲ್ಲೆಲ್ಲೋ.
ಕುರಿಗಳೆಲ್ಲ ಯಾಕೆ ಒಂದೇ ದಿಕ್ಕಿಗೆ ಮುಖ ಮಾಡಿವೆ?
ಸುಮ್ಮನೆ ಸುತ್ತಿಟ್ಟ ಹಗ್ಗಕ್ಕೆ ಚೀಲದೊಳಗೆ ಗಂಟು ಹಾಕುವವರು ಯಾರು?
ಹೆದರಿದಾಗ ನನಗೆ ಎಡಗೈ ಮಾತ್ರ ಮೊದಲು ಬೆವರುವುದೇಕೆ?
ಯಾರಿಗೂ ಗೊತ್ತಿಲ್ಲ. ಎಲ್ಲರೂ ಉತ್ತರ ಕೊಟ್ಟರು.

ಕೈಗೆ ಬಳಿಯುವ ಬಿಳಿ ಪುಡಿ ಅನ್ನಕ್ಕೆ ಉದುರಿತು.
"ಹೆದರಬೇಡ, ಹುಳಿತೇಗಿನ ಮದ್ದಿಗೂ ಇದನ್ನೇ ಹಾಕ್ತಾರೆ," ನರ್ಗಿಸ್.
ಮೂರನೇ ಕ್ಲಾಸಿನಲ್ಲಿ ನಾನು ಬಳಪ ತಿಂದವಳು,
ಡಜನ್ನುಗಟ್ಟಲೆ, ಬೆಂಚಿನಡಿ ಬಚ್ಚಿಟ್ಟುಕೊಂಡು.
ಹೇಳಲಿಲ್ಲ. ಟ್ರಾಮ್ ಓಡಿಸುವ ಹೆಂಗಸಿನ ಮೇಲೆ
ಊರಿಗೊಂದಿಷ್ಟು ನಂಬಿಕೆ ಇರಲಿ.

ಈ ಕಲ್ಲುಗಳನ್ನು ಬಿಟ್ಟುಹೋದದ್ದೇಕೆ, ಅದನ್ನೂ ಡೆರಿಕ್ಕೇ ಹೇಳಿದ:
ಜನಕ್ಕೆ ಬೆಳ್ಳನೆಯ ಬ್ರೆಡ್ಡು ಬೇಕಾಯಿತಂತೆ,
ಇದು ಬೀಸಿದರೆ ಹಿಟ್ಟು ಬೂದಿ ಬಣ್ಣ, ಹಲ್ಲಿಗೆ ಮರಳು.
"ನೋಡು, ಊಟದ ಭಯ ಹಳೇದು."
ಅವನು ಕಲ್ಲನ್ನು ತಟ್ಟಿದ, ಎಮ್ಮೆಯ ಬೆನ್ನು ತಟ್ಟಿದಂತೆ.

ನನ್ನ ಸರದಿ. ಹಗ್ಗ ನರ್ಗಿಸಳ ಕೈಯಲ್ಲಿ.
ನಡುದಾರಿಯಲ್ಲಿ ಬಂಡೆ ಉಬ್ಬಿ ಎದೆಯನ್ನು ಹೊರಕ್ಕೆ ನೂಕುತ್ತದೆ.
ಬಲಗೈ ತಡಕುತ್ತದೆ, ನುಣುಪು, ನುಣುಪು, ಹಾವಸೆ,
ಎಡಗೈ ಬೆವರಲು ಶುರು.
ಇವರು ಇದಕ್ಕೆ ಹೋಲ್ಡ್ ಅನ್ನುತ್ತಾರೆ,
ನಾನು ಒಳಗೊಳಗೇ ಹಿಡಿ ಅನ್ನುತ್ತೇನೆ.
ಕೊಡಲಿಗೂ ಹಿಡಿ, ಅಕ್ಕಿಗೂ ಹಿಡಿ,
ಹಿಡಿ ಎಂದು ಕೂಗಿದರೂ ಹಿಡಿ.
ಎಲ್ಲ ಒಂದೇ ಮಾತು, ಈಗ ಒಂದೂ ಸಿಗುತ್ತಿಲ್ಲ.

ಕಾಲು ಹೊಲಿಗೆ ಮಿಷನ್ನಿನಂತೆ ನಡುಗಿತು.
ಕೆಳಗೆ ಮೊರಾಗ್ ಇನ್ನೂ ಮೊಟ್ಟೆಯ ವಿಚಾರದಲ್ಲೇ ಇದ್ದಳು,
ಅದು ಕೇಳಿಸಿದ್ದೇ ಒಳ್ಳೆಯದಾಯಿತು.
ಇನ್ನೊಂದು ಗೇಣು ಮೇಲೆ, ನಾಲ್ಕು ಬೆರಳಿಗಾಗುವಷ್ಟು,
ಒರಟು, ಬಿಸಿಲಿಗೆ ಬೆಚ್ಚಗಾದದ್ದು, ಇತ್ತು.

ಅಂಚು ಏರಿ ಹಗ್ಗ ಬಿಗಿದು ಕೂಗಿದೆ:
"ಸೇಫ್!"
ಕೆಳಗಿನಿಂದ ಡೆರಿಕ್: "ಏನು, ಅನ್ನವಾ?"

ಹಿಂದಿನ ಕಾಲುದಾರಿಯಲ್ಲಿ ಸುತ್ತಿ ಇಳಿದು ಬಂದರೆ
ಡಬ್ಬಿ ಖಾಲಿ, ಚಮಚ ನೆಕ್ಕಿದಂತೆ ಹೊಳೆಯುತ್ತಿದೆ.
ನರ್ಗಿಸ್ ಕುರಿ ನೋಡುತ್ತಿದ್ದಾಳೆ, ಮೊರಾಗ್ ಆಕಾಶ.
ಡೆರಿಕ್ಕನ ಗಡ್ಡದಲ್ಲಿ ಒಂದು ಸಾಸಿವೆ.
ಅವನು ಗಡಿಯಾರ ನೋಡಿಕೊಂಡ.
ಆರು ಗಂಟೆ ಕಾಯಬೇಕಂತೆ.